ಹೈಲಕ್ಸ್‌ಗೆ ಯಾವ ಶಾಕ್ ಹಾಕಬೇಕು? ಮೊದಲು ಬ್ಲೇಡ್ ಲೆಕ್ಕ ಸರಿಮಾಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. 4x4 ಟೊಯೋಟಾ ಹೈಲಕ್ಸ್ ಇದೆ. ಹೋದ ವರ್ಷ ಗಾಡಿಯನ್ನು 2 ಇಂಚು ಎತ್ತರಿಸಿದೆವು: ಮುಂದೆ ಸ್ಪೇಸರ್ (ಎತ್ತರಕ್ಕೆ ಇಡುವ ದಪ್ಪ ಬಿಲ್ಲೆ), ಹಿಂದೆ ಪ್ರತಿ ಬದಿಗೆ ಒಂದೊಂದು ಹೆಚ್ಚುವರಿ ಬ್ಲೇಡ್ (ಲೀಫ್ ಸ್ಪ್ರಿಂಗ್‌ನ ಉಕ್ಕಿನ ಪಟ್ಟಿ). ಶಾಕ್‌ಗಳು (ಶಾಕ್ ಅಬ್ಸಾರ್ಬರ್) ಕಂಪನಿಯವೇ. ಈಗ ಖಾಲಿ ಓಡಿಸಿದರೆ ಹಿಂಭಾಗ ಒದೆಯುತ್ತದೆ. ಆರೇಳು ಮೂಟೆ ಹೇರಿದರೆ ಹಂಪ್ ದಾಟಿದ ಮೇಲೆ ಎರಡು ಮೂರು ಸಲ ತೂಗಾಡುತ್ತದೆ. ಮುಂದೆ ಹಂಪ್ ಇಳಿಯುವಾಗ ‘ಟಕ್’ ಅನ್ನುತ್ತದೆ. ಹೊರಗೆ ರಿಸರ್ವಾಯರ್ (ಎಣ್ಣೆ ಡಬ್ಬಿ) ಇರುವ ಎರಡೂವರೆ ಇಂಚು ದಪ್ಪದ ಶಾಕ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅಷ್ಟು ಖರ್ಚು ಬೇಕೇ? ಯಾವುದನ್ನು ಆರಿಸುವುದು, ಸೆಟ್ಟಿಂಗ್ ಹೇಗೆ ಮಾಡುವುದು?

ಉತ್ತರ: ಅಷ್ಟು ಖರ್ಚು ಬೇಡ. ನೀವು ಹೇಳಿದ ಮೂರರಲ್ಲಿ ಯಾವ ತೊಂದರೆಯೂ ಶಾಕ್ ಸಣ್ಣದಾಯಿತು ಅಂತ ಬಂದದ್ದಲ್ಲ. ಹಿಂದಿನ ಎರಡಕ್ಕೆ ಬ್ಲೇಡ್ ಕಾರಣ, ಮುಂದಿನದಕ್ಕೆ ಸ್ಪೇಸರ್ ಕಾರಣ. ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಆ ಸ್ಪ್ರಿಂಗ್ ಕುಗ್ಗುವ, ಹಿಗ್ಗುವ ವೇಗವನ್ನು ತಡೆದು, ಆ ಶಕ್ತಿಯನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಕಳೆಯುವುದು, ಅಷ್ಟೇ. ಹಾಗಾಗಿ ಸ್ಪ್ರಿಂಗ್ ಬದಲಾಯಿಸಿ ಶಾಕ್ ಹಾಗೇ ಬಿಟ್ಟರೂ ತಪ್ಪು, ಸ್ಪ್ರಿಂಗ್‌ನ ತಪ್ಪನ್ನು ದುಬಾರಿ ಶಾಕ್‌ನಿಂದ ಮುಚ್ಚಲು ಹೋದರೂ ತಪ್ಪು.

ಒಂದು ಲೆಕ್ಕ ನೋಡಿ. ನಿಮ್ಮ ಗಾಡಿಯನ್ನೇ ಅಳೆದು ಬರೆದದ್ದಲ್ಲ, ಈ ವರ್ಗದ ಪಿಕಪ್‌ಗೆ ಹೊಂದುವ ಉದಾಹರಣೆ. ಹಿಂದಿನ ಒಂದು ಬದಿಯ ಬ್ಲೇಡ್ ಸೆಟ್‌ನ ಗಡಸು ಮಿ.ಮೀ.ಗೆ 40 ನ್ಯೂಟನ್ ಎನ್ನಿ, ಖಾಲಿ ಗಾಡಿಯಲ್ಲಿ ಅದರ ಮೇಲೆ ಕೂತ ಭಾರ 280 ಕೆ.ಜಿ. ಎನ್ನಿ. ಆಗ ಹಿಂಭಾಗ ಸೆಕೆಂಡಿಗೆ ಸುಮಾರು 1.9 ಸಲ ತೂಗುವ ಸ್ವಭಾವದ್ದು. ಕಂಪನಿ ಶಾಕ್ ಇದಕ್ಕೆ 0.30ರಷ್ಟು ಡ್ಯಾಂಪಿಂಗ್ ಅನುಪಾತ (ತೂಗಾಟವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಕೊಡುತ್ತದೆ ಎಂದುಕೊಳ್ಳೋಣ. ಈ ಅನುಪಾತ 1 ಆದರೆ ಗಾಡಿ ತೂಗುವುದೇ ಇಲ್ಲ, ಆದರೆ ಸವಾರಿ ಕಲ್ಲಿನಂತಿರುತ್ತದೆ. ಆರಾಮಕ್ಕೂ ಹಿಡಿತಕ್ಕೂ ಹೊಂದುವುದು 0.25ರಿಂದ 0.35. ನೀವು ಒಂದು ಬ್ಲೇಡ್ ಸೇರಿಸಿದಾಗ ಗಡಸು 52ಕ್ಕೆ ಏರಿತು ಎನ್ನಿ. ಅದೇ ಶಾಕ್‌ನಿಂದ ಖಾಲಿ ಗಾಡಿಯಲ್ಲಿ ಸಿಗುವ ಅನುಪಾತ 0.26ಕ್ಕೆ ಇಳಿಯುತ್ತದೆ, ತೂಗುವಿಕೆ 2.2ಕ್ಕೆ ಏರುತ್ತದೆ. ಅದೇ ನೀವು ಹೇಳುವ ಒದೆತ. 350 ಕೆ.ಜಿ. ಮೂಟೆ ಹೇರಿದಾಗ ಆ ಬದಿಯ ಭಾರ 440 ಕೆ.ಜಿ. ಆಗುತ್ತದೆ, ಅನುಪಾತ 0.21ಕ್ಕೆ ಕುಸಿಯುತ್ತದೆ. ಅದೇ ತೂಗಾಟ. ಶಾಕ್ ಹಾಳಾಗಿಲ್ಲ, ಅದರ ಕೈಮೀರಿದ ಸ್ಪ್ರಿಂಗ್ ಅದರ ಮೇಲೆ ಬಿದ್ದಿದೆ.

ಹೆಚ್ಚುವರಿ ಬ್ಲೇಡ್‌ನ ಇನ್ನೊಂದು ಉಪದ್ರವ ಉಜ್ಜುವಿಕೆ. ಬ್ಲೇಡ್‌ಗಳ ನಡುವೆ ಮಣ್ಣು, ತುಕ್ಕು ಸೇರಿದರೆ ಸಣ್ಣ ಉಬ್ಬುಗಳಿಗೆ ಸೆಟ್ ಅಲುಗುವುದೇ ಇಲ್ಲ, ಇಡೀ ಗಾಡಿ ಎಗರುತ್ತದೆ. ಮಲೆನಾಡಿನ ಎರಡು ಮಳೆಗಾಲ ಸಾಕು ಇದಕ್ಕೆ. ಆ ಸೇರಿಸಿದ ಬ್ಲೇಡ್ ತೆಗೆಸಿ. ಅದರ ಬದಲು ಇಡೀ ಬ್ಲೇಡ್ ಸೆಟ್ಟನ್ನೇ 40ರಿಂದ 50 ಮಿ.ಮೀ. ಎತ್ತರಿಸುವ, ತುದಿಗಳಲ್ಲಿ ಉಜ್ಜದಂತೆ ಪ್ಯಾಡ್ ಇರುವ ಸೆಟ್‌ಗೆ ಬದಲಾಯಿಸಿ. ಲೋಡ್ ವರ್ಗ ಆರಿಸುವಾಗ ವಾರದಲ್ಲಿ ಒಂದು ದಿನ ಹೇರುವ ಗರಿಷ್ಠ ಭಾರ ನೋಡಬೇಡಿ, ಗಾಡಿಯ ಮೇಲೆ ಸದಾ ಇರುವ ಭಾರ ನೋಡಿ: ಕ್ಯಾನೊಪಿ (ಹಿಂದಿನ ತೊಟ್ಟಿಯ ಮೇಲಿನ ಮುಚ್ಚಿಗೆ), ಸ್ಟೀಲ್ ಬಂಪರ್, ಟೂಲ್ ಬಾಕ್ಸ್. ಸದಾ 100 ಕೆ.ಜಿ. ದಾಟದಿದ್ದರೆ ಹಗುರ ವರ್ಗವೇ ಸರಿ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ‘ಇರಲಿ, ಗಟ್ಟಿ ಇರಲಿ’ ಎಂದು 300 ಕೆ.ಜಿ.ಯ ಸೆಟ್ ಹಾಕಿಸಿ, ಆಮೇಲೆ ವರ್ಷವಿಡೀ ಶಾಕ್ ಬೈಯುತ್ತಾರೆ. ಇನ್ನೂ ಒಂದು ಮಾತು: ಬ್ಲೇಡ್ ಸೇರಿಸಿದರೆ ಗಾಡಿಯ ಪೇಲೋಡ್ ಹೆಚ್ಚುವುದಿಲ್ಲ. ಆರ್‌ಸಿಯಲ್ಲಿ ಬರೆದ ಮಿತಿಯೇ ಮಿತಿ. ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲ ಹಳೆಯವೇ ಅಲ್ಲವೇ.

ಮುಂದಿನ ‘ಟಕ್’

ಸ್ಪೇಸರ್‌ನಲ್ಲಿ ಎರಡು ಬಗೆ. ಒಂದು, ಸ್ಟ್ರಟ್‌ನ (ಮುಂದಿನ ಸ್ಪ್ರಿಂಗ್, ಶಾಕ್ ಸೇರಿದ ಜೋಡಣೆ) ತಲೆಯ ಮೇಲೆ, ಚಾಸಿಗೂ ಅದಕ್ಕೂ ನಡುವೆ ಕೂರುವುದು. ಇನ್ನೊಂದು, ಸ್ಪ್ರಿಂಗ್‌ನ ಮೇಲೆ ಕೂತು ಅದನ್ನು ಮೊದಲೇ ಒತ್ತಿಡುವುದು. ಎರಡನೆಯದರಲ್ಲಿ ಸ್ಟ್ರಟ್‌ನ ಒಟ್ಟು ಉದ್ದ ಬದಲಾಗುವುದಿಲ್ಲ. ಗಾಡಿ ಎತ್ತರಿಸಿದಷ್ಟೂ ಶಾಕ್‌ನ ಶಾಫ್ಟ್ (ಒಳಗೆ ಹೊರಗೆ ಓಡುವ ಕಡ್ಡಿ) ಹೊರಗೆ ಬಂದು ನಿಂತಿರುತ್ತದೆ, ಚಕ್ರ ಕೆಳಕ್ಕೆ ಇಳಿಯಲು ಜಾಗ ಉಳಿಯುವುದಿಲ್ಲ. ಹಂಪ್‌ನ ಆಚೆ ಚಕ್ರ ಬೀಳುವಾಗ ಪಿಸ್ಟನ್ ಮೇಲಿನ ತುದಿಗೆ ಬಡಿಯುತ್ತದೆ. ನಿಮ್ಮ ಸದ್ದು ಬಹುತೇಕ ಇದೇ. ಖಚಿತ ಮಾಡಿಕೊಳ್ಳಲು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನೆಲದ ಮೇಲೆ ನಿಂತಾಗ ಒಮ್ಮೆ, ಚಾಸಿಗೆ ಜಾಕಿ ಕೊಟ್ಟು ಚಕ್ರ ತೂಗಿಬಿದ್ದಾಗ ಒಮ್ಮೆ ಅಳೆಯಿರಿ. ವ್ಯತ್ಯಾಸ 50 ಮಿ.ಮೀ.ಗಿಂತ ಕಡಿಮೆ ಬಂದರೆ ಬೇರೆ ಪರೀಕ್ಷೆ ಬೇಡ. ವ್ಯತ್ಯಾಸ 80ರ ಮೇಲಿದ್ದರೆ ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಸ್ಟ್ರಟ್ ತಲೆಯ ಬುಷ್ ನೋಡಿ.

ಮೊದಲನೆಯ ಬಗೆಯ ಸ್ಪೇಸರ್ ಸದ್ದು ಮಾಡದಿರಬಹುದು, ಆದರೆ ಹಾನಿ ಅದರಿಂದಲೇ ಹೆಚ್ಚು. ಮೇಲೊಂದು ಕೆಳಗೊಂದು ಆರ್ಮ್ ಚಕ್ರವನ್ನು ಹಿಡಿದಿರುವ ಈ ಜಾತಿಯ ಡಬಲ್ ವಿಷ್‌ಬೋನ್‌ನಲ್ಲಿ ಚಕ್ರ 100 ಮಿ.ಮೀ. ಚಲಿಸಿದರೆ ಸ್ಟ್ರಟ್ ಸುಮಾರು 60 ಮಾತ್ರ ಚಲಿಸುತ್ತದೆ. ಹೀಗಾಗಿ ಮೇಲೆ 30 ಮಿ.ಮೀ. ಇಟ್ಟರೆ ಚಕ್ರ 50 ಮಿ.ಮೀ. ಕೆಳಗೆ ಹೋಗುತ್ತದೆ, ಡ್ರೈವ್ ಶಾಫ್ಟ್ ಜಾಯಿಂಟ್ ತನ್ನ ಕೋನದ ಅಂಚಿಗೆ ತಲುಪುತ್ತದೆ. ಪೂರ್ತಿ ಕುಗ್ಗುವಾಗ ಬಂಪ್ ಸ್ಟಾಪ್‌ಗಿಂತ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮೊದಲು ಶಾಕ್ ತಳಕ್ಕೆ ಬಡಿಯುವ ಅಪಾಯವೂ ಇದೆ. ಸ್ಪೇಸರ್ ಯಾವ ಬಗೆಯದಾದರೂ ತೆಗೆದು, ಸರಿಯಾದ ಉದ್ದದ ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೇ ಹಾಕಿಸಿ. ಕಂಪನಿಯ ಮೇಲಿನ ಆರ್ಮ್ ಉಳಿಸಿಕೊಳ್ಳುವುದಾದರೆ ಎತ್ತರ 40 ಮಿ.ಮೀ. ಸಾಕು. ಅದರಾಚೆ ಸಾಕಷ್ಟು ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸಿಗುವುದಿಲ್ಲ, ಸ್ಟೀರಿಂಗ್ ತಾನೇ ನೇರಕ್ಕೆ ಮರಳುವುದು ಕಡಿಮೆಯಾಗುತ್ತದೆ.

ಯಾವ ಶಾಕ್

ರಿಸರ್ವಾಯರ್ ಯಾರಿಗೆ ಬೇಕು ಎನ್ನುವುದು ಬಿಸಿಯ ಲೆಕ್ಕ. ಶಾಕ್‌ನಲ್ಲಿ ಹುಟ್ಟುವ ಬಿಸಿ ಶಾಫ್ಟ್‌ನ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಮೇಲಿನ ಉದಾಹರಣೆಯ ಶಾಕ್‌ಗೆ, ಶಾಫ್ಟ್ ಸರಾಸರಿ ಸೆಕೆಂಡಿಗೆ 0.1 ಮೀಟರ್ ಓಡಿದರೆ ಸುಮಾರು 20 ವಾಟ್; 0.5 ಮೀಟರ್ ಓಡಿದರೆ 500 ವಾಟ್. ತೋಟದ ಕಲ್ಲುದಾರಿಯಲ್ಲಿ 10-15 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಮೊದಲನೆಯ ಗುಂಪಿನದು. ಆಸ್ಟ್ರೇಲಿಯಾದ ಗಿಬ್ ರಿವರ್ ರೋಡ್‌ನಂಥ ನೂರಾರು ಕಿ.ಮೀ. ಅಲೆಅಲೆಯ ಮಣ್ಣುದಾರಿಯಲ್ಲಿ 70-80ರಲ್ಲಿ ಹೋಗುವವರು, ರಾಜಸ್ಥಾನದ ಮರಳಿನಲ್ಲಿ ರ‍್ಯಾಲಿ ಓಡಿಸುವವರು ಎರಡನೆಯ ಗುಂಪು. ಅವರಿಗೆ ಎಣ್ಣೆ ಹೆಚ್ಚು ಬೇಕು, ಡಬ್ಬಿ ಬೇಕು. ನಿಮಗೆ ಅದು ಕಲ್ಲಿಗೆ, ಕಾಫಿ ಗಿಡದ ಬುಡಕ್ಕೆ ತಗುಲಿ ಹರಿಯಬಹುದಾದ ಇನ್ನೊಂದು ಹೋಸ್ ಮಾತ್ರ.

ಉಳಿದ ಬಗೆಗಳು ಮೂರು. ಸಾಮಾನ್ಯ ಟ್ವಿನ್ ಟ್ಯೂಬ್ ಗ್ಯಾಸ್ ಶಾಕ್‌ನಲ್ಲಿ ಪಿಸ್ಟನ್ ಓಡುವ ಕೊಳವೆ ಇನ್ನೊಂದರ ಒಳಗಿರುವುದರಿಂದ ಕಲ್ಲು ತಗುಲಿ ಹೊರಮೈ ನೆಗ್ಗಿದರೂ ಕೆಲಸ ನಡೆಯುತ್ತದೆ. ಆದರೆ ಎಣ್ಣೆ, ಗ್ಯಾಸ್ ನಡುವೆ ಗೋಡೆಯಿಲ್ಲ. ಸತತ ಕುಲುಕಿದರೆ ಎಣ್ಣೆ ನೊರೆಯಾಗಿ ತಡೆಯೇ ಮಾಯವಾಗುತ್ತದೆ. ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಇಮು ನೈಟ್ರೋಚಾರ್ಜರ್ ಸ್ಪೋರ್ಟ್ ಈ ಬಗೆಯ ಒಳ್ಳೆಯ ಮಾದರಿ. ಫೋಮ್ ಸೆಲ್ ಶಾಕ್ ಕೂಡ ಟ್ವಿನ್ ಟ್ಯೂಬೇ, ಗ್ಯಾಸ್ ಇರಬೇಕಾದ ಜಾಗದಲ್ಲಿ ರಂಧ್ರ ಮುಚ್ಚಿದ ಫೋಮ್ ಇರುತ್ತದೆ. ನೊರೆ ಬರುವುದಿಲ್ಲ, ಮೈ ದಪ್ಪ, ಎಣ್ಣೆ ಹೆಚ್ಚು. ಐರನ್‌ಮ್ಯಾನ್, ಟಫ್ ಡಾಗ್ ಕಂಪನಿಗಳು ಇವನ್ನು ಮಾಡುತ್ತವೆ. ಮೊನೊಟ್ಯೂಬ್‌ನಲ್ಲಿ ಎಣ್ಣೆ ಮತ್ತು ಹೆಚ್ಚು ಒತ್ತಡದ ನೈಟ್ರೋಜನ್ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಬಿಲ್‌ಸ್ಟೈನ್‌ನ 46 ಮಿ.ಮೀ. ಶಾಕ್‌ಗಳು ಈ ಜಾತಿ. ತಡೆ ಕರಾರುವಾಕ್ಕು, ಬಿಸಿ ಬೇಗ ಹೊರಹೋಗುತ್ತದೆ. ಆದರೆ ಪಿಸ್ಟನ್ ಹೊರಮೈಗೇ ಉಜ್ಜಿಕೊಂಡು ಓಡುವುದರಿಂದ ಒಂದು ಆಳವಾದ ನೆಗ್ಗು ಬಿದ್ದರೆ ಕಥೆ ಮುಗಿಯಿತು. ಒಳಗಿನ ಒತ್ತಡ ಶಾಫ್ಟನ್ನು ಸದಾ ಹೊರಗೆ ನೂಕುತ್ತಿರುತ್ತದೆ: 25 ಬಾರ್ ಒತ್ತಡ, 18 ಮಿ.ಮೀ. ಶಾಫ್ಟ್ ಆದರೆ ಒಂದೊಂದು ಶಾಕ್‌ನಿಂದ ಸುಮಾರು 65 ಕೆ.ಜಿ. ಬಲ. ಖಾಲಿ ಪಿಕಪ್‌ನ ಹಿಂಭಾಗಕ್ಕೆ ಇದು ಗೊತ್ತಾಗುವಷ್ಟು ಗಡಸು.

ನಿಮಗೆ ನನ್ನ ಸಲಹೆ: ಹಿಂದೆ ಫೋಮ್ ಸೆಲ್, ಸಾಧ್ಯವಾದರೆ ಹೊರಗಿನಿಂದ ನಾಬ್ ತಿರುಗಿಸಿ ಹೊಂದಿಸುವಂಥದ್ದು, ಏಕೆಂದರೆ ನಿಮ್ಮ ಭಾರ ದಿನಕ್ಕೊಂದು ಥರ ಬದಲಾಗುತ್ತದೆ. ರ‍್ಯಾಂಚೊ ಆರ್‌ಎಸ್9000ಎಕ್ಸ್‌ಎಲ್‌ನ 9 ಹಂತದ ನಾಬ್ ಇದೇ ಉದ್ದೇಶದ್ದು. ಮುಂದೆ ಎಂಜಿನ್ ಭಾರ ಬದಲಾಗುವುದಿಲ್ಲ. ಅಲ್ಲಿ ನಾಬ್ ಬೇಡ, ಫೋಮ್ ಸೆಲ್ ಅಥವಾ ಮೊನೊಟ್ಯೂಬ್ ಯಾವುದೂ ಆದೀತು. ಕೊಳ್ಳುವ ಮೊದಲು ಮೂರು ವಿಷಯ ಕೇಳಿ: ನಿಮ್ಮ ಗಾಡಿಯ ಮಾದರಿಗೇ ಆದ ಪಾರ್ಟ್ ನಂಬರ್ ಇದೆಯೇ, ಅದು ಯಾವ ಲೋಡ್ ವರ್ಗದ ಸ್ಪ್ರಿಂಗ್‌ಗೆ ಹೊಂದುವ ವಾಲ್ವಿಂಗ್ (ಒಳಗೆ ಎಣ್ಣೆಯ ಹರಿವನ್ನು ತಡೆಯುವ ಹೊಂದಾಣಿಕೆ), ಬುಷ್ ಮತ್ತು ಸೀಲ್ ಬಿಡಿಯಾಗಿ ಸಿಗುತ್ತವೆಯೇ. ‘ಎಲ್ಲ ಪಿಕಪ್‌ಗೂ ಆಗುತ್ತೆ ಸಾರ್’ ಎನ್ನುವ ಶಾಕ್ ಮುಟ್ಟಬೇಡಿ.

ಉದ್ದದ ಲೆಕ್ಕ ಅಂಗಡಿಯವರಿಗೆ ಬಿಡಬೇಡಿ, ಹೊಸ ಬ್ಲೇಡ್ ಕೂತ ಮೇಲೆ ನೀವೇ ಅಳೆಯಿರಿ. ಹಿಂದಿನ ಶಾಕ್‌ನ ಮೇಲಿನ, ಕೆಳಗಿನ ಬೋಲ್ಟ್‌ಗಳ ನಡುವೆ ಗಾಡಿ ನೆಲದ ಮೇಲೆ ನಿಂತಾಗ 460 ಮಿ.ಮೀ. ಬಂತು ಎನ್ನಿ. ಆಕ್ಸಲ್‌ಗೂ ಬಂಪ್ ಸ್ಟಾಪ್‌ಗೂ ಅಂತರ 90, ರಬ್ಬರ್ ಅಮುಕಿಕೊಳ್ಳುವುದು 25. ಒಟ್ಟು 115 ಮಿ.ಮೀ. ಶಾಕ್ 30 ಡಿಗ್ರಿ ವಾಲಿಕೊಂಡಿದ್ದರೆ ಅದು ಕುಗ್ಗುವುದು ಇದರ 0.87 ಭಾಗ, ಅಂದರೆ 100. ಸುರಕ್ಷತೆಗೆ 12 ಬಿಟ್ಟರೆ, ಮುಚ್ಚಿದ ಉದ್ದ 348 ಮಿ.ಮೀ.ಗಿಂತ ಹೆಚ್ಚಿರಬಾರದು. ತೆರೆದ ಉದ್ದಕ್ಕೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಬಿಚ್ಚಿ, ಆಕ್ಸಲನ್ನು ಜಾಕಿ ಮೇಲೆ ನಿಧಾನ ಇಳಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಯಾವುದು ಮೊದಲು ಬಿಗಿಯುತ್ತದೋ ಅದಕ್ಕಿಂತ 10-15 ಮಿ.ಮೀ. ಮೊದಲು ಶಾಕ್ ಪೂರ್ತಿ ಹಿಗ್ಗಬೇಕು. ತೆರೆದ ಉದ್ದ ಹೆಚ್ಚಿದರೆ ಮುಚ್ಚಿದ ಉದ್ದವೂ ಹೆಚ್ಚುತ್ತದೆ ಎಂಬುದು ನೆನಪಿರಲಿ. ಬಹಳ ಉದ್ದದ ಶಾಕ್ ಕೊಂಡು ತಳ ಬಡಿಸಿ, ಕೆಳಗಿನ ಮೌಂಟ್ ಮುರಿದುಕೊಳ್ಳುವವರು ಕಡಿಮೆಯಿಲ್ಲ. ಹಿಂದೆ ಲೋಡ್ ಸೆನ್ಸಿಂಗ್ ಬ್ರೇಕ್ ವಾಲ್ವ್ ಇರುವ ಗಾಡಿಯಾದರೆ ಎತ್ತರ ಹೆಚ್ಚಿಸಿದಷ್ಟೂ ಅದರ ಕಡ್ಡಿಯನ್ನು ಸರಿಹೊಂದಿಸಬೇಕು. ಇಲ್ಲದಿದ್ದರೆ ಅದು ಗಾಡಿ ಸದಾ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ.

ಕೂರಿಸುವಾಗ

ಟ್ವಿನ್ ಟ್ಯೂಬ್ ಶಾಕ್ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಗ್ಯಾಸ್ ಒಳಕೊಳವೆಗೆ ನುಗ್ಗಿರುತ್ತದೆ. ನೇರ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಆಮೇಲೆ ಹಾಕಿ. ಮಧ್ಯೆ ಎಲ್ಲಾದರೂ ಸಡಿಲು ಸಿಕ್ಕರೆ, ಹಲವು ಸಲ ಮಾಡಿದ ಮೇಲೂ ಹೋಗದಿದ್ದರೆ, ವಾಪಸ್ ಕೊಡಿ. ಶಾಫ್ಟನ್ನು ಪ್ಲೈಯರ್‌ನಿಂದ ಹಿಡಿಯಲು ಬಿಡಬೇಡಿ. ಕ್ರೋಮ್ ಮೇಲೆ ಒಂದು ಗೀರು ಬಿದ್ದರೂ ಸೀಲ್ ಹರಿಯುತ್ತದೆ.

ರಬ್ಬರ್ ಬುಷ್ ಇರುವ ಯಾವ ಬೋಲ್ಟನ್ನೂ ಗಾಡಿ ಜಾಕಿಯ ಮೇಲಿರುವಾಗ ಪೂರ್ತಿ ಬಿಗಿಸಬಾರದು. ಚಕ್ರ ನೆಲಕ್ಕಿಳಿದು, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಎತ್ತರ ಕೂತ ಮೇಲೆ ಬಿಗಿಸಬೇಕು. ತೂಗಿಬಿದ್ದ ಸ್ಥಿತಿಯಲ್ಲಿ ಬಿಗಿಸಿದರೆ ರಬ್ಬರ್ ಸದಾ ತಿರುಚಿಕೊಂಡಿರುತ್ತದೆ, ಕೆಲವೇ ತಿಂಗಳಲ್ಲಿ ಹರಿದು ಕಿರುಗುಟ್ಟುತ್ತದೆ. ಬ್ಲೇಡ್‌ನ ಯು ಬೋಲ್ಟ್ ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ, 500 ಕಿ.ಮೀ. ನಂತರ ಟಾರ್ಕ್ ಸ್ಪ್ಯಾನರ್‌ನಲ್ಲಿ ಮತ್ತೆ ನೋಡಿ. ಸ್ಟ್ರಟ್ ಸ್ಪ್ರಿಂಗ್ ಒತ್ತುವ ಕೆಲಸಕ್ಕೆ ಸರಿಯಾದ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಹೋಗಲೇಬೇಡಿ. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಕೋನ.

ಸೆಟ್ಟಿಂಗ್

ಮೊದಲು ಟೈರ್ ಗಾಳಿ. ಖಾಲಿ ಪಿಕಪ್‌ನ ಹಿಂದಿನ ಟೈರ್‌ನಲ್ಲಿ ಲೋಡ್‌ಗೆ ತುಂಬಿದ ಗಾಳಿಯೇ ಉಳಿದಿದ್ದರೆ ಯಾವ ಶಾಕ್ ಹಾಕಿದರೂ ಒದೆಯುತ್ತದೆ. ಬಾಗಿಲಿನ ಸ್ಟಿಕ್ಕರ್‌ನಲ್ಲಿ ಖಾಲಿಗೆ ಬರೆದ ಒತ್ತಡ ಇಡಿ. ತೋಟದ ಒಳಗೆ 20-22 ಪಿಎಸ್‌ಐಗೆ ಇಳಿಸಬಹುದು, ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿ. ಗಾಳಿ ಒಂದೇ ಇಟ್ಟುಕೊಳ್ಳದೆ ಮಾಡಿದ ಸೆಟ್ಟಿಂಗ್‌ಗೆ ಬೆಲೆಯಿಲ್ಲ.

ನಾಬನ್ನು ಪೂರ್ತಿ ಮೆತ್ತಗಿನ ತುದಿಗೆ ತಿರುಗಿಸಿ, ಅಲ್ಲಿಂದ ಎಣಿಕೆ ಶುರು ಮಾಡಿ. ಎರಡೂ ಬದಿ ಒಂದೇ ಸಂಖ್ಯೆ. ಎಲ್ಲ ನಾಬ್‌ಗಳೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ರೀಬೌಂಡ್, ಅಂದರೆ ಹಿಗ್ಗುವಾಗಿನ ತಡೆಯನ್ನು ಮಾತ್ರ ಬದಲಿಸುತ್ತವೆ, ಕೆಲವು ಕುಗ್ಗುವ ತಡೆಯನ್ನೂ ಜೊತೆಗೇ ಏರಿಸುತ್ತವೆ. ನಿಮ್ಮದು ಯಾವುದು ಎಂದು ಪುಸ್ತಕದಲ್ಲಿ ನೋಡಿಕೊಳ್ಳಿ. ಶಾಫ್ಟ್‌ಗೆ ತೆಳ್ಳಗಿನ ಕೇಬಲ್ ಟೈ ಸಡಿಲವಾಗಿ ಕಟ್ಟಿ ಸೀಲ್‌ವರೆಗೆ ತಳ್ಳಿಡಿ. ಶಾಕ್ ಎಷ್ಟು ಕುಗ್ಗಿತು ಎಂದು ಅದೇ ತೋರಿಸುತ್ತದೆ.

ಆರಂಭ ರೀಬೌಂಡ್‌ನಿಂದ. ಖಾಲಿ ಗಾಡಿಯಲ್ಲಿ ಒಂದೇ ಹಂಪನ್ನು 25-30 ಕಿ.ಮೀ. ವೇಗದಲ್ಲಿ ದಾಟಿ. ಹಿಂಭಾಗ ಮೇಲೆದ್ದು ಒಮ್ಮೆ ಇಳಿದು ನಿಲ್ಲಬೇಕು. ಮತ್ತೆ ಎದ್ದರೆ ಒಂದು ಹಂತ ಏರಿಸಿ, ಅದೇ ಹಂಪ್, ಅದೇ ವೇಗ. ಎರಡನೆಯ ಏಳುವಿಕೆ ಹೋದ ಹಂತದಲ್ಲೇ ನಿಲ್ಲಿಸಿ, ಅದರ ಮೇಲೆ ‘ಇನ್ನೊಂದಿರಲಿ’ ಬೇಡ. ಆಮೇಲೆ ಸಾಲು ಉಬ್ಬುಗಳ ಮಣ್ಣುದಾರಿಯಲ್ಲಿ 40ರಲ್ಲಿ ಹೋಗಿ. ಮೊದಲ ನಾಲ್ಕೈದು ಉಬ್ಬು ಮೃದುವಾಗಿದ್ದು ಆಮೇಲೆ ಗಾಡಿ ಕುಸಿದು ಗಡಗಡ ಅನ್ನತೊಡಗಿದರೆ ರೀಬೌಂಡ್ ಹೆಚ್ಚಾಗಿದೆ. ಒಂದು ಉಬ್ಬಿನಿಂದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬರುತ್ತಿದೆ, ಪ್ರತಿ ಉಬ್ಬಿಗೂ ಶಾಕ್ ಇಷ್ಟಿಷ್ಟೇ ಒಳಗೆ ಸರಿಯುತ್ತಿದೆ. ಇದನ್ನು ಗಡಸು ಸ್ಪ್ರಿಂಗ್ ಎಂದು ತಪ್ಪು ತಿಳಿದು ಮೆತ್ತಗಿನ ಸ್ಪ್ರಿಂಗ್ ಹಾಕಿಸುವವರಿದ್ದಾರೆ. ಎರಡು ಹಂತ ಇಳಿಸಿದರೆ ಸಾಕು.

ಕುಗ್ಗುವ ತಡೆಗೆ ಬೇರೆ ನಾಬ್ ಇದ್ದರೆ ಮಾತ್ರ ಮುಂದಿನ ಕೆಲಸ. ದಿನದ ಅತಿ ಕೆಟ್ಟ ಗುಂಡಿಯ ನಂತರ ಕೇಬಲ್ ಟೈ ಎಲ್ಲಿದೆ ನೋಡಿ. ಕೊನೆಯ 15-20 ಮಿ.ಮೀ. ಉಳಿದಿದ್ದರೆ ಸರಿ. ಬಂಪ್ ಸ್ಟಾಪ್ ದಿನಕ್ಕೆ ಒಮ್ಮೆ ಮುಟ್ಟಿದರೆ ಅದು ತಪ್ಪಲ್ಲ, ಅದಿರುವುದೇ ಅದಕ್ಕೆ. ಪದೇ ಪದೇ ಬಡಿದರೆ ಎರಡು ಹಂತ ಏರಿಸಿ. ಅರ್ಧವೂ ಕುಗ್ಗದೆ ಬೆನ್ನಿಗೆ ಚುಚ್ಚುತ್ತಿದ್ದರೆ ಇಳಿಸಿ. ಘಾಟಿಯ ತಿರುವಿನಲ್ಲಿ ವಾಲುವುದು, ಬ್ರೇಕ್ ಹಿಡಿದಾಗ ಮೂತಿ ಮುಳುಗುವುದು ಶಾಫ್ಟ್ ನಿಧಾನ ಓಡುವಾಗಿನ ವಿಷಯ, ಸೆಕೆಂಡಿಗೆ 0.1 ಮೀಟರ್‌ನ ಆಸುಪಾಸು. ಕಲ್ಲು ಬಡಿಯುವುದು 1 ಮೀಟರ್ ದಾಟಿದ ವೇಗ. ಒಂದೇ ನಾಬ್‌ನ ಶಾಕ್ ಇವೆರಡನ್ನೂ ಬೇರೆ ಮಾಡಲಾರದು. ಶಿರಾಡಿ ಘಾಟಿಯಲ್ಲಿ ಕಾರಿನಂತೆ ನಿಲ್ಲಬೇಕು, ತೋಟದಲ್ಲಿ ಮೆತ್ತಗಿರಬೇಕು ಎಂದರೆ ಅದರಿಂದ ಆಗದು. ತೋಟವನ್ನೇ ಆರಿಸಿ, ಘಾಟಿಯಲ್ಲಿ ನಿಧಾನ ಹೋಗಿ.

ಈಗ ಮೂಟೆ ಹೇರಿ ಇದೇ ಹಂಪ್ ಪರೀಕ್ಷೆ ಮತ್ತೆ ಮಾಡಿ. ಸಾಮಾನ್ಯವಾಗಿ ಖಾಲಿಗಿಂತ ಎರಡು ಮೂರು ಹಂತ ಹೆಚ್ಚು ಬೇಕಾಗುತ್ತದೆ. ಎರಡೂ ಸಂಖ್ಯೆ ಬರೆದು ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿಡಿ. ಲೋಡ್ ಇಳಿಸಿದ ದಿನ ನಾಬ್ ಹಿಂದಕ್ಕೆ ತಿರುಗಿಸಲು ಮರೆಯುವುದೇ ಹೆಚ್ಚು.

ನಾಬ್‌ನ ಯಾವ ಹಂತದಲ್ಲೂ ಸರಿಬರದಿದ್ದರೆ ವಾಲ್ವಿಂಗ್ ಬದಲಿಸುವುದೊಂದೇ ದಾರಿ, ಅದೂ ಸಾಮಾನ್ಯವಾಗಿ ಬಿಚ್ಚಿ ಕಟ್ಟಬಹುದಾದ ಮೊನೊಟ್ಯೂಬ್‌ನಲ್ಲಿ. ಪಿಸ್ಟನ್‌ನ ಎರಡೂ ಮುಖದಲ್ಲಿ ತೆಳ್ಳಗಿನ ಉಕ್ಕಿನ ಬಿಲ್ಲೆಗಳ ರಾಶಿ ಇರುತ್ತದೆ, ಶಿಮ್ ಎನ್ನುತ್ತಾರೆ. ಎಣ್ಣೆ ಅವನ್ನು ಬಾಗಿಸಿಕೊಂಡು ಹಾದುಹೋಗುತ್ತದೆ. ಶಿಮ್‌ನ ಗಡಸು ಅದರ ದಪ್ಪದ ಘನಕ್ಕೆ ಅನುಪಾತ: 0.15 ಮಿ.ಮೀ. ತೆಗೆದು 0.20 ಹಾಕಿದರೆ ಗಡಸು ಸುಮಾರು 2.4 ಪಟ್ಟು. ಆದ್ದರಿಂದ ಒಮ್ಮೆಗೆ ಒಂದೆರಡು ಶಿಮ್ ಮಾತ್ರ ಬದಲಿಸಿ ನೋಡುವ ಮೆಕ್ಯಾನಿಕ್ ಬೇಕು. ತುಂಬುವುದು ಒಣ ನೈಟ್ರೋಜನ್ನೇ ಆಗಬೇಕು, ಬಿಚ್ಚಿ ಕಟ್ಟುವ ಆಫ್‌ರೋಡ್ ಶಾಕ್‌ಗಳಲ್ಲಿ ಸಾಮಾನ್ಯವಾಗಿ 200 ಪಿಎಸ್‌ಐ ಹತ್ತಿರ. ಪಂಕ್ಚರ್ ಅಂಗಡಿಯ ನೈಟ್ರೋಜನ್ ಯಂತ್ರ ಟೈರ್‌ಗೆ ಮಾಡಿದ್ದು, ಆ ಒತ್ತಡ ಕೊಡುವುದಿಲ್ಲ. ಒತ್ತಡ ಬಿಡದೆ ಶಾಕ್ ಬಿಚ್ಚಿದರೆ ಒಳಗಿನ ಪಿಸ್ಟನ್ ಗುಂಡಿನಂತೆ ಹಾರುತ್ತದೆ. ಮನೆಯಲ್ಲಿ ಇದಕ್ಕೆ ಕೈಹಾಕಬೇಡಿ.

ಹಾಕಿಸಿದ ಮೇಲೆ ನೋಡಿಕೊಳ್ಳುವುದು ಹೆಚ್ಚಿಲ್ಲ. ಒರಟು ದಾರಿಯಲ್ಲಿ ಒಂದರ್ಧ ಗಂಟೆ ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕ್‌ಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. ಸೀಲ್ ಬಳಿ ತೆಳ್ಳಗಿನ ಎಣ್ಣೆ ಪಸೆ ಸಹಜ, ಅದರ ಮೇಲೆ ಧೂಳು ಕೂತಿರುತ್ತದೆ; ಮೈಯುದ್ದಕ್ಕೂ ಇಳಿದು ತೊಟ್ಟಿಕ್ಕಿದರೆ ಬದಲಿಸಿ, ಆ ಆಕ್ಸಲ್‌ನ ಎರಡನ್ನೂ ಒಟ್ಟಿಗೇ. ಮಳೆಗಾಲದಲ್ಲಿ ಶಾಫ್ಟ್‌ನ ರಬ್ಬರ್ ಬೂಟ್ ಒಳಗೆ ಕೆಸರು ನಿಂತು ಕ್ರೋಮ್ ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬೂಟ್ ಎತ್ತಿ ಮಾಮೂಲಿ ಪೈಪ್ ನೀರಿನಿಂದ ತೊಳೆಯಿರಿ. ಪ್ರೆಷರ್ ವಾಷರ್‌ನ ಮೂತಿಯನ್ನು ಸೀಲ್‌ಗೆ ನೇರ ಹಿಡಿದರೆ ಮಣ್ಣು ಒಳಗೇ ಹೋಗುತ್ತದೆ.